ಬೂಕನಕೆರೆ ಬಸ್‌ಸ್ಟಾಪಿನಲ್ಲಿ ನಾನು ಕಟ್ಟಿಸಿದ ಫ್ಲೆಕ್ಸು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕುಡಿತ ಬಿಡಲು ನನ್ನ ಹತ್ತಿರ ಬಂದ ಮನುಷ್ಯನ ಫೋಟೊವನ್ನು, ಅವನನ್ನು ಒಂದು ಮಾತೂ ಕೇಳದೆ, ಎಂಟಡಿ ಫ್ಲೆಕ್ಸು ಮಾಡಿಸಿ ಅವನ ಊರಿನ ಬಸ್‌ಸ್ಟಾಪಿನಲ್ಲೇ ಕಟ್ಟಿಸಿದವನು ನಾನು. ‘ಗೋಪ್ಯತೆ ಕಾಪಾಡುವುದು ಹೇಗೆ?’ ಎಂಬ ಪರೀಕ್ಷೆಯ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಅಂಕ ತೆಗೆದವನೂ ನಾನೇ. ಕಳೆದುಹೋದ ಆ ಒಂದು ಅಂಕ ಇಷ್ಟು ದುಬಾರಿಯಾಗುತ್ತದೆಂದು ಗೊತ್ತಿರಲಿಲ್ಲ.

ಹೋದ ವರ್ಷದ ಮಾತು. ನಾಗಮಂಗಲದ ಸಣ್ಣದೊಂದು ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕ, ಅಂದರೆ ಕೌನ್ಸೆಲರ್. ವಯಸ್ಸು ಇಪ್ಪತ್ತಾರು. ಕುತ್ತಿಗೆಗೆ ಐಡಿ ಕಾರ್ಡು, ಮೇಜಿನ ಮೇಲೆ ನಾಲ್ಕು ಬಣ್ಣದ ಪೆನ್ನು. ಕುಡುಕರನ್ನು ಉದ್ಧರಿಸಲೆಂದೇ ಅವತಾರವೆತ್ತಿದ್ದೇನೆಂಬ ಭ್ರಮೆ. ಬೂಕನಕೆರೆಯ ನಂಜುಂಡ ಬಂದದ್ದು ಆಗ. ಟ್ರಾಕ್ಟರು, ಟಿಲ್ಲರು ರಿಪೇರಿ ಮಾಡುವ ಮೆಕ್ಯಾನಿಕ್ಕು. (ನಂಜುಂಡ ನಾನಿಟ್ಟ ಹೆಸರು. ಈ ಸಲ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ಕುಡಿತ ನಿಲ್ಲಿಸಿದ ಮೊದಲ ದಿನಗಳ ಕೈನಡುಕ, ಬೆವರು, ನಿದ್ದೆಗೇಡಿಗೆ ವಿತ್‌ಡ್ರಾವಲ್ ಅನ್ನುತ್ತೇವೆ. ಅದು ಡಾಕ್ಟರ ಔಷಧಿಯಿಂದ ಇಳಿಯಿತು. ಆಮೇಲಿನ ಮಾತುಕತೆ ನನ್ನ ಪಾಲು. ಎಂಟು ಸಲ ಎದುರು ಕೂರಿಸಿಕೊಂಡೆ. ಎಂಟು ಸಲವೂ ಅವನು ಆಡಿದ್ದು ಒಂದೇ ಮಾತು: “ಆರಾಮಾಗಿವ್ನಿ ಸಾ.”

ಮನೆಗೆ ಹೋದ ಮೇಲೂ ಜೊತೆಗೆ ಯಾರಾದರೂ ಬೇಕು, ಸಪೋರ್ಟ್ ಗ್ರೂಪ್ ಹುಡುಕು ಎಂದರು ಡಾಕ್ಟರು. ಕುಡಿತ ಬಿಟ್ಟವರೇ ವಾರಕ್ಕೊಮ್ಮೆ ಸೇರಿ ತಮ್ಮ ಪಾಡು ಹೇಳಿಕೊಳ್ಳುವ ಕೂಟ ಅದು. ಫೋನಿನಲ್ಲಿ ತಡಕಾಡಿದೆ. ಮೊದಲು ಸಿಕ್ಕ ನಂಬರು ಬ್ಯೂಟಿ ಪಾರ್ಲರಿನದು. “ಕುಡಿತ ಬಿಡಬೇಕಿತ್ತು” ಎಂದೆ. “ಹುಬ್ಬು ಮಾತ್ರ ಮಾಡ್ತೀವಿ” ಎಂದರು. ಅವರಿವರನ್ನು ಕೇಳಿ, ಕೊನೆಗೆ ಪಾಂಡವಪುರದ ಶಾಲೆಯೊಂದರ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಗುಂಪು ಸಿಕ್ಕಿತು. ನಂಜುಂಡನನ್ನು ಅಲ್ಲಿಗೆ ಕಳಿಸಿದೆ.

ನಾಲ್ಕನೇ ವಾರ ಓಪನ್ ಮೀಟಿಂಗ್. ಆ ದಿನ ಹೊರಗಿನವರೂ ಕೂರಬಹುದು. ಹೋದೆ. ಮಕ್ಕಳ ಪುಟ್ಟ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಮೀಟಿಂಗ್ ನಡೆಸುತ್ತಿದ್ದವನು ರಂಗಣ್ಣ, ಶ್ರೀರಂಗಪಟ್ಟಣದ ರಸ್ತೆ ಬದಿಯಲ್ಲಿ ಎಳನೀರು ಮಾರುವವನು. ನಂಜುಂಡ ಎದ್ದು ನಿಂತ. ಅಪ್ಪನ ಹೆಣಕ್ಕೆ ಹೆಗಲು ಕೊಡಲು ಮೇಲೇಳಲಾಗದೆ ಬಿದ್ದಿದ್ದದ್ದು, ಸ್ಕೂಲಿನ ಗೇಟಿನಲ್ಲಿ ಮಗಳು ‘ಅವ್ರ್ಯಾರೋ ಗೊತ್ತಿಲ್ಲ’ ಎಂದದ್ದು, ಎಲ್ಲ ಹೇಳಿದ. ಇಪ್ಪತ್ತು ನಿಮಿಷ! ಎಲ್ಲರ ಕಣ್ಣೂ ಒದ್ದೆ. ನನ್ನ ಕಣ್ಣು ಮಾತ್ರ ಉರಿಯಿತು. ನಾಲ್ಕು ಬಣ್ಣದ ಪೆನ್ನಿಗೆ ಬಾಯಿ ಬಿಡದವನು ಎಳನೀರು ಕೆತ್ತುವ ಮಚ್ಚಿಗೆ ಬಾಯಿ ಬಿಟ್ಟಿದ್ದ. ಹುಲ್ಲು ಹಾಕಿದ್ದು ನಾನು, ಎಮ್ಮೆ ಹಾಲು ಕೊಟ್ಟದ್ದು ಪಕ್ಕದ ಮನೆಗೆ.

ಅಂದಿನಿಂದ ನಾನು ಎಳನೀರು ಕುಡಿಯುವುದನ್ನೇ ಬಿಟ್ಟೆ. ನಂಜುಂಡ ಕುಡಿಯದೆ ನೂರು ದಿನ ಕಳೆದಾಗ, ಈ ಗೆಲುವು ಯಾರದೆಂದು ಲೋಕಕ್ಕೆ ತಿಳಿಯಲಿ ಎಂದು ಫ್ಲೆಕ್ಸು ಬರೆಸಿದೆ: ‘ಕುಡಿತ ಗೆದ್ದ ಧೀರ ನಂಜುಂಡನಿಗೆ ಅಭಿನಂದನೆಗಳು.’ ಅವನ ಫೋಟೊ ತಟ್ಟೆಯಷ್ಟು. ಪಕ್ಕದಲ್ಲಿ, ಕೂಲಿಂಗ್ ಗ್ಲಾಸು ಹಾಕಿದ ನನ್ನದು ಮೊರದಷ್ಟು.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಪುಟ್ಟತಾಯಮ್ಮನ ಫೋನು.

“ಅದ್ಯಾಕ್ ಸಾ ಅಂಗ್ ಮಾಡುದ್ರಿ? ಇವ್ರು ಕುಡೀತಿದ್ದುದ್ದು ಊರ್ಗೆಲ್ಲ ಗೊತ್ತು. ಬುಟ್ಟಿರಾದ್ನ ನಾವೇ ಬಚ್ಚಿಟ್ಕಂಡಿದ್ದೊ. ಈಗ ಹಳೇ ದೋಸ್ತುಗಳು ಬಾಟ್ಲಿ ಇಡ್ಕಂಡು ಅಂಗಡಿ ಮುಂದ್ಕೇ ಬಂದು, ‘ಏನ್ಲಾ ಧೀರ, ಇನ್ನೆಷ್ಟ್ ದಿನ್ಲಾ?’ ಅಂತ ಬಾಜಿ ಕಟ್ತಾವ್ರೆ. ಇವ್ರು ಬೈಕ್ ತಗಂಡ್ ಒಂಟೋದ್ರು. ಫೋನೂ ಆಫು.”

ನೂರು ದಿನ ಅವನು ಹಲ್ಲು ಕಚ್ಚಿ ಕಟ್ಟಿದ್ದನ್ನು ನಾನು ಒಂದೇ ಹಗ್ಗದಲ್ಲಿ ನೇತುಹಾಕಿದ್ದೆ. ಬೂಕನಕೆರೆಗೆ ಓಡಿ ಫ್ಲೆಕ್ಸು ಕಿತ್ತೆ. ನನ್ನ ಮುಖವೇ ಮೊದಲು ಹರಿಯಿತು. ಆಮೇಲೆ ಕೆ.ಆರ್. ಪೇಟೆಯ ಬಾರುಗಳಲ್ಲಿ ಇಣುಕುತ್ತಾ ಹೋದೆ. ಮೂರನೆಯದರಲ್ಲಿ ಸಪ್ಲೈಯರು, “ಬ್ಯಾನರ್‌ನಲ್ಲಿದ್ದೋರು ನೀವೇ ಅಲ್ವಾ ಸಾ? ಕುಂತ್ಕಳಿ, ಏನ್ ಕೊಡ್ಲಿ?” ಎಂದ.

ಮಧ್ಯಾಹ್ನವಾಯಿತು. ಬೇರೆ ದಾರಿಯಿಲ್ಲದೆ ರಂಗಣ್ಣನಿಗೆ ಫೋನು ಮಾಡಿದೆ.

“ಇಲ್ಲೇ ಅವ್ನೆ, ಬನ್ನಿ. ಕುಡ್ದಿಲ್ಲ.”

ಹೋದ ಜೀವ ಬಂತು. ಅದರ ಹಿಂದೆಯೇ ಕಿಚ್ಚೂ ಬಂತು. ತಪ್ಪಿಸಿಕೊಂಡು ಹೋಗುವಾಗಲೂ ಆ ಎಳನೀರು ಗಾಡಿಗೇ ಹೋದನಲ್ಲ, ನನ್ನ ಹತ್ತಿರ ಬರಲಿಲ್ಲವಲ್ಲ!

ಶ್ರೀರಂಗಪಟ್ಟಣದಲ್ಲಿ ನಂಜುಂಡ ಎಳನೀರು ರಾಶಿಯ ಪಕ್ಕ ಕೂತಿದ್ದ. ಬಾರಿನ ಬಾಗಿಲವರೆಗೆ ಹೋಗಿ, ಬೈಕು ತಿರುಗಿಸಿ ಇಲ್ಲಿಗೆ ಬಂದಿದ್ದನಂತೆ. ನಾನು ರಸ್ತೆಯಲ್ಲೇ ಕೈ ಮುಗಿದೆ.

“ತಪ್ಪಾಯ್ತು ನಂಜುಂಡಣ್ಣ. ನೀವು ಇವ್ರ ಮುಂದೆ ಮಾತಾಡಿದ್ರಿ, ನನ್ನ ಮುಂದೆ ಆಡ್ಲಿಲ್ಲ ಅಂತ ಹೊಟ್ಟೆಕಿಚ್ಚು. ಅದಕ್ಕೇ ಫ್ಲೆಕ್ಸು.”

ರಂಗಣ್ಣ ಎಳನೀರು ಕೆತ್ತುತ್ತಲೇ ಹೇಳಿದ: “ನಂಗೂವೆ ಸಾ. ಇವ್ನ್ ಮಾತಾಡ್ದಾಗ ಎಲ್ರೂ ಅತ್ರು. ನಾನು ಒಂಬತ್ತೊರ್ಸದಿಂದ ಮಾತಾಡ್ತಾವ್ನಿ, ಒಬ್ನೂ ಅಳಾಕಿಲ್ಲ.”

ನಂಜುಂಡ ನಕ್ಕುಬಿಟ್ಟ. ನಗು ನಿಂತ ಮೇಲೆ ನನ್ನ ಕಡೆ ತಿರುಗಿದ.

“ನೋಡುದ್ರಾ ಸಾ? ಕುಡೀಬೇಕು ಅನ್ನುಸ್ತದೆ ಅಂತ ಯೋಳುದ್ರೆ ನೀವು ‘ಯಾಕೆ’ ಅಂತ ಕೇಳಿ ಬರ್ಕತೀರಿ. ಇವ್ರು ‘ನಂಗೂವೆ ಕಣ್ಲಾ’ ಅಂತಾರೆ. ಅಷ್ಟೇಯ ವೆತ್ಯಾಸ.”