ಏಲಕ್ಕಿ ಕೋಣೆಗೆ ನೇಂದ್ರ ನುಗ್ಗಿದ್ದು

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಆಫೀಸು ಇರುವುದು ಒಂದು ಶೆಡ್ಡಿನ ಮಹಡಿಯಲ್ಲಿ. ಕೆಳಗೆ ಗ್ರಾನೈಟ್ ಕೊಯ್ಯುವ ಯಂತ್ರ ದಿನವಿಡೀ ಅರಚುತ್ತದೆ, ಮೇಲೆ ನಮ್ಮ ಸಾಹೇಬರು. ಎರಡರಲ್ಲಿ ಯಂತ್ರವೇ ವಾಸಿ, ಊಟದ ಹೊತ್ತಿಗಾದರೂ ನಿಲ್ಲುತ್ತದೆ. ನಾನು ಅಲ್ಲಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತೇನೆ. ಚಾಮರಾಜನಗರದಿಂದ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುವ ಕೆಲಸವಾದ್ದರಿಂದ ನಮ್ಮ ನೆಂಟರ ಪಾಲಿಗೆ ಅದು ಕಂಪ್ಯೂಟರ್ ಕೆಲಸವೇ ಅಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಇದ್ದೀನಿ ಅಂದುಕೊಂಡವರೂ ಇದ್ದಾರೆ.

ನಮ್ಮ ದೊಡ್ಡ ಗಿರಾಕಿ ಬೇಗೂರಿನ ಹತ್ತಿರ ಹೆದ್ದಾರಿ ಪಕ್ಕದಲ್ಲಿರುವ ಒಂದು ಬಾಳೆ ಘಟಕ. ರೈತರು ಕಾಯಿಗೊನೆ ತಂದು ಹಾಕುತ್ತಾರೆ, ತಣ್ಣನೆಯ ಕೋಣೆಗಳಲ್ಲಿಟ್ಟು ಗ್ಯಾಸು ಬಿಟ್ಟು ಹಣ್ಣು ಮಾಡಿ ಕೊಡುತ್ತಾರೆ. ಯಾವ ಲೋಡು ಯಾವ ಕೋಣೆಗೆ, ಕೋಣೆ ಎಷ್ಟು ಹೊತ್ತು ಮುಚ್ಚಿರಬೇಕು ಎಂದು ಹೇಳುವುದು ನಮ್ಮ ಪ್ರೋಗ್ರಾಮು. ಏಲಕ್ಕಿ ಬಾಳೆಯ ಸಿಪ್ಪೆ ತೆಳು, ಬೇಗ ಹಣ್ಣಾಗುತ್ತದೆ, ಒಂದು ದಿನ ಹೆಚ್ಚಾದರೆ ಹಣ್ಣು ಹಣ್ಣೇ ಗೊನೆಯ ಚಿಪ್ಪಿನಿಂದ ಕಳಚಿ ಬೀಳುತ್ತದೆ. ಕೇರಳಕ್ಕೆ ಹೋಗುವ ನೇಂದ್ರ ದಪ್ಪ ಚರ್ಮದ್ದು, ನಮ್ಮ ಸಾಹೇಬರ ಹಾಗೆ. ಅದಕ್ಕೆ ಏನು ತಾಗಬೇಕಾದರೂ ಹೊತ್ತು ಬೇಕು.

ಈ ಘಟಕಕ್ಕೆ ನಮ್ಮ ಚಿಕ್ಕಪ್ಪನೂ ಏಲಕ್ಕಿ ಹಾಕಿದರು. ಚಿಕ್ಕಪ್ಪನ ಊರು ಹಂಗಳ. ಕಳೆದ ಶ್ರಾವಣದಲ್ಲಿ ಅವರ ಮಗಳ ಮದುವೆ. ಮದುವೆಗೆ ಬಂದವರ ತಾಂಬೂಲದ ಚೀಲಕ್ಕೆ ತನ್ನ ತೋಟದ ಏಲಕ್ಕಿಯೇ ಬೀಳಬೇಕು ಎಂದು ಮಗಳು ಹೈಸ್ಕೂಲಿನಲ್ಲಿದ್ದಾಗಿನಿಂದ ಹೇಳಿಕೊಂಡು ಬಂದವರು. ಅದಕ್ಕೆಂದೇ ಒಂದು ಪಟ್ಟೆ ಏಲಕ್ಕಿ ಬೇರೆ ನೆಟ್ಟಿದ್ದರು. ಮನೆಯಲ್ಲಿ ಹಣ್ಣು ಮಾಡಲು ಹೊಗೆ ಹಾಕುವ ಕೋಣೆ ಇದೆ, ಅಷ್ಟು ಗೊನೆ ಅದರಲ್ಲಿ ಹಿಡಿಸುವುದಿಲ್ಲ.

“ಅಂಗಡಿ ಹಣ್ಣು ಕೊಡದಾದ್ರೆ ನಾನ್ಯಾಕವ್ವ ತೋಟ ಮಾಡ್ಬೇಕು?” ಎಂದರು. “ಬೇಗೂರ್ಗೆ ಆಕ್ಬುಡ್ತೀನಿ. ನಿನ್ ಕಂಪ್ಯೂಟ್ರು ಅದೆಯಲ್ಲ, ನೋಡ್ಕತದೆ ಬುಡು.”

ಇದಕ್ಕೆ ಒಂದು ತಿಂಗಳು ಮುಂಚೆ ಆಫೀಸಿನಲ್ಲಿ ಒಂದು ಜಗಳ ಆಗಿತ್ತು. ಪೈಥಾನ್ ಬಹಳ ಧಾರಾಳಿ. ಈ ಕೋಣೆಯ ಲೋಡುಗಳ ಪಟ್ಟಿಯಲ್ಲಿ ಏಲಕ್ಕಿ ಮಾತ್ರ ಇರಬೇಕು ಎಂದು ನಾವು ಬರೆದಿಟ್ಟರೂ ಓಡುವಾಗ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಹಾಗೆ ಅದು. ಆ ಬರಹವನ್ನು ನಂಬಿ ಓದುವವನು ಒಬ್ಬನೇ, ಟೈಪ್ ಚೆಕರ್, ಅಂದರೆ ಬಗೆ ತಾಳೆ ನೋಡುವವನು. ಅದೂ ಒಂದು ಪ್ರೋಗ್ರಾಮೇ. ನಾವು ಬರೆದದ್ದನ್ನು ಓಡಿಸದೆ ಬರೀ ಓದಿ, ಇದು ಅದಕ್ಕೆ ಹೊಂದುವುದಿಲ್ಲ ಎಂದು ಕೆಂಪು ಗೆರೆ ಎಳೆಯುತ್ತದೆ.

ಸಾಹೇಬರು ಕೋಣೆ ತುಂಬಿಸುವ ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನೊಳಗಿನ ಒಂದು ತುಣುಕು, ಬರೆದಿದ್ದರು. ಅದಕ್ಕೆ ಬಾಳೆಯ ಪಟ್ಟಿ ಕೊಡಬೇಕು, ಕೋಣೆಯಲ್ಲಿ ಜಾಗ ಉಳಿದಿದ್ದರೆ ಕಾದಿರುವ ಲೋಡನ್ನು ಅದೇ ಪಟ್ಟಿಗೆ ಸೇರಿಸುತ್ತದೆ. ಅದಕ್ಕೆ ನನ್ನ ಏಲಕ್ಕಿ ಪಟ್ಟಿ ಕೊಟ್ಟ ಕೂಡಲೇ ಕೆಂಪು ಗೆರೆ ಬಂತು. ಕೇಳಿದ್ದು ಬಾಳೆ ಪಟ್ಟಿ, ಕೊಟ್ಟಿದ್ದು ಏಲಕ್ಕಿ ಪಟ್ಟಿ, ಹೊಂದುವುದಿಲ್ಲ.

“ಏಲಕ್ಕಿ ಬಾಳೆ ಹೌದೋ ಅಲ್ವೋ?” ಎಂದು ಸಾಹೇಬರು ಕೇಳಿದರು.

“ಹೌದು ಸಾರ್.”

“ಮತ್ತೆ ಇದಕ್ಕೇನಮ್ಮ ರೋಗ? ಗುಂಡ್ಲುಪೇಟೆ ಸಂತೇಲಿ ಕೇಳು, ಯಾರು ಬೇಕಾದ್ರೂ ಹೇಳ್ತಾರೆ.”

ಅದಕ್ಕೆ ರೋಗ ಇರಲಿಲ್ಲ. ನಮ್ಮ ಅವ್ವನ ಬುದ್ಧಿ ಇತ್ತು. ಪಕ್ಕದ ಮನೆಯಾಕೆ ಉಪ್ಪಿನಕಾಯಿ ಕೇಳಲು ಬಂದರೆ ಅವ್ವ ಜಾಡಿ ತೋರಿಸುತ್ತಾಳೆ, ಕೇಳಿದಷ್ಟು ಬಡಿಸುತ್ತಾಳೆ, ಜಾಡಿಯನ್ನು ಮಾತ್ರ ಕೈಗೆ ಕೊಡುವುದಿಲ್ಲ. ಆಕೆಯ ಚಮಚ ಒದ್ದೆ ಇದ್ದದ್ದನ್ನು ಅವ್ವ ಕಂಡಿಲ್ಲ. ಒದ್ದೆ ಇರಬಹುದು, ಅವ್ವನಿಗೆ ಅಷ್ಟು ಸಾಕು. ಚೆಕರಿನ ಲೆಕ್ಕವೂ ಅಷ್ಟೇ. ಒಂದೊಂದು ಏಲಕ್ಕಿಯೂ ಬಾಳೆಯೇ, ಅದರಲ್ಲಿ ಅದಕ್ಕೆ ತಕರಾರಿಲ್ಲ. ಆದರೆ ಬಾಳೆ ಪಟ್ಟಿ ಎಂದು ಇಸಿದುಕೊಂಡವರಿಗೆ ಅದರೊಳಗೆ ಯಾವ ಬಾಳೆಯನ್ನಾದರೂ ಹಾಕುವ ಹಕ್ಕಿದೆ, ನೇಂದ್ರವನ್ನೂ. ಹಾಕಿ ತಿರುಗಿ ಕೊಟ್ಟರೆ, ಕೊಟ್ಟವರು ಇನ್ನೂ ಅದು ಬರೀ ಏಲಕ್ಕಿ ಎಂದೇ ನಂಬಿರುತ್ತಾರೆ. ಬರೀ ನೋಡುತ್ತೇನೆ, ಏನೂ ಸೇರಿಸುವುದಿಲ್ಲ ಎಂದು ಫಂಕ್ಷನ್ ಬರೆದುಕೊಟ್ಟರೆ ಅದೇ ಚೆಕರು ಅದೇ ಪಟ್ಟಿಯನ್ನು ತಕರಾರಿಲ್ಲದೆ ಬಿಡುತ್ತದೆ.

ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. “ಓಣಂ ಲೋಡು ಶುರುವಾದ್ರೆ ನೇಂದ್ರ ಇದರೊಳಗೇ ಹೋಗಿ ಕೂರುತ್ತೆ ಸಾರ್” ಎಂದೂ ಹೇಳಿದೆ. “ಓಡ್ಸಿ ನೋಡಿದೀವಲ್ಲ, ಚೆನ್ನಾಗೇ ಓಡ್ತಲ್ಲ?” ಎಂದರು. ಓಡದೆ ಏನು, ಆ ದಿನ ಬೇಗೂರಿನಲ್ಲಿದ್ದದ್ದು ಬರೀ ಏಲಕ್ಕಿ. ಆಮೇಲೆ ಮಹಾನುಭಾವರು ನನ್ನ ಕೀಬೋರ್ಡು ಎಳೆದುಕೊಂಡು ಆ ಸಾಲಿನ ಕೊನೆಗೆ ಒಂದು ಸಣ್ಣ ಮಾತು ಬರೆದರು. ಈ ಸಾಲನ್ನು ನೋಡಬೇಡ ಎಂದು ಚೆಕರಿಗೆ ಹೇಳುವ ಮಾತು ಅದು. ಕೆಂಪು ಗೆರೆ ಮಾಯವಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕೇಳಿದ್ದೆ, ಕಾವಲುಗಾರನ ಕಣ್ಣು ಮುಚ್ಚಿಸಿ ಟೀ ಕುಡಿಯಲು ಹೋದವರನ್ನು ಅವತ್ತೇ ಕಂಡದ್ದು. ಮೈಯೆಲ್ಲ ಉರಿದುಹೋಯಿತು. ಸಂಬಳ ಕೊಡುವವರ ಮುಂದೆ ಮೈ ಉರಿದರೆ ಬೆವರು ಬರುತ್ತದೆ, ಅಷ್ಟೇ.

ಮದುವೆಗೆ ರಜೆ ಹಾಕಿ ನಾನು ಹಂಗಳದಲ್ಲಿ ಚಪ್ಪರಕ್ಕೆ ಮಾವಿನಸೊಪ್ಪು ಕಟ್ಟಿಸುತ್ತಿದ್ದೆ. ಮದುವೆಯ ಹಿಂದಿನ ದಿನ ಗೂಡ್ಸ್ ಆಟೋದಲ್ಲಿ ಚಿಕ್ಕಪ್ಪನ ಹಣ್ಣು ಬಂತು. ಮೊದಲನೇ ಕ್ರೇಟು ಇಳಿಸುವಾಗ ಚಿಪ್ಪು ಕೈಯಲ್ಲಿ ಉಳಿಯಿತು, ಹಣ್ಣು ಕೆಳಗೆ ಸುರಿಯಿತು. ಎರಡನೆಯದೂ ಹಾಗೇ. ಸಿಪ್ಪೆಯೆಲ್ಲ ಕಪ್ಪು ತಿರುಗಿತ್ತು. ಘಟಕಕ್ಕೆ ಫೋನ್ ಮಾಡಿದೆ. ಓಣಂ ಲೋಡು ಬಂದಿತ್ತಂತೆ. ಚಿಕ್ಕಪ್ಪನ ಕೋಣೆಯಲ್ಲಿ ಜಾಗ ಉಳಿದಿತ್ತಂತೆ. ಪ್ರೋಗ್ರಾಮು ನೇಂದ್ರವನ್ನು ಅಲ್ಲಿಗೇ ಕಳಿಸಿ, ನಿಧಾನವಾಗಿ ಹಣ್ಣಾಗುವ ಅದಕ್ಕೆ ತಕ್ಕ ಹಾಗೆ ಕೋಣೆಯ ಹೊತ್ತು ಹೆಚ್ಚಿಸಿತ್ತು. ಬಾಗಿಲ ಮೇಲಿನ ಬೋರ್ಡಿನಲ್ಲಿ ಕೊನೆಯವರೆಗೂ ‘ಏಲಕ್ಕಿ’ ಎಂದೇ ಇತ್ತಂತೆ.

ಚಿಕ್ಕಪ್ಪ ಬಯ್ಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಉದುರಿದ ಹಣ್ಣನ್ನು ಒಂದೊಂದಾಗಿ ಮೊರಕ್ಕೆ ಆಯ್ದುಕೊಂಡರು. ಆಮೇಲೆ ಅಡುಗೆಯವರನ್ನು ಕರೆದು, “ಬೆಲ್ಲ ಕಾಯಿ ಆಕಿ ರಸಾಯನ ಮಾಡ್ಬುಡಿ” ಎಂದರು. ಗುಂಡ್ಲುಪೇಟೆಯಿಂದ ತಾಂಬೂಲಕ್ಕೆ ಬೇರೆ ಹಣ್ಣು ತರಿಸೋಣ ಎಂದು ನಾನು ಅಂದದ್ದಕ್ಕೆ, “ಬ್ಯಾಡ” ಎಂದರು. ಒಂದೇ ಮಾತು.

ಮದುವೆ ಚೆನ್ನಾಗಿಯೇ ನಡೆಯಿತು. ಊಟ ಮುಗಿದ ಮೇಲೆ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಚೀಲ ಕೊಟ್ಟರು. ಕಾಯಿ, ವೀಳ್ಯದೆಲೆ, ಅಡಿಕೆ. ಹಣ್ಣಿಲ್ಲ. ನೆಂಟರು ಚೀಲದೊಳಗೆ ಇಣುಕಿ ಮುಖ ಮುಖ ನೋಡಿಕೊಂಡರು. ತೋಟದ ಸಾವ್ಕಾರ್ರು ಹಣ್ಣು ಮರ್ತ್ಬುಟ್ಟವ್ರೆ ಎಂದು ಬೀಗರ ಕಡೆಯವರೊಬ್ಬರು ನಕ್ಕರು. ನಮ್ಮ ಸಾಹೇಬರೂ ಬಂದಿದ್ದರು. ಕೇಳಿ ಕೇಳಿ ರಸಾಯನ ಹಾಕಿಸಿಕೊಂಡು ತಿಂದರು, ಹಣ್ಣು ಜೇನು ಇದ್ದ ಹಾಗಿದೆ ಎಂದು ನನಗೇ ಹೇಳಿದರು. ಹೋಗುವಾಗ ಚೀಲ ತೆರೆದು, “ಹಣ್ಣು ಹಾಕಿಲ್ವಲ್ಲ ಯಜಮಾನ್ರೇ?” ಎಂದರು.

ಚಿಕ್ಕಪ್ಪ ಕೈ ಮುಗಿದರು. “ಒಳಗ್ ತಿಂದ್ರಲ್ಲ ಸ್ವಾಮಿ, ಅದೇಯ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಂದವರೆಲ್ಲ ಹೋದ ಮೇಲೆ ಚಿಕ್ಕಪ್ಪನ ಪಕ್ಕ ಕೂತು ನಡೆದದ್ದೆಲ್ಲ ಹೇಳಿಬಿಟ್ಟೆ, ಕೆಂಪು ಗೆರೆ ಬಂದದ್ದನ್ನೂ ಅದನ್ನು ಸಾಹೇಬರು ಅಡಗಿಸಿದ್ದನ್ನೂ.

“ಅಂಗಾದ್ರೆ ಮುಂಚೇನೇ ಯೋಳಿತ್ತಾ ಅದು?”

“ಹೂಂ ಚಿಕ್ಕಪ್ಪ. ಏಲಕ್ಕಿಗೆ ಬೇರೇದು ಸೇರ್ಬೋದು ಅಂತ.”

“ಬಾಳೆ ಕಣ್ಣಲ್ಲಿ ನೋಡ್ದೆನೇ?”

“ನೋಡ್ದೇನೇ.”

ಅವರು ಉಳಿದ ಚೀಲಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಹೇಳಿದರು. “ಅದು ನಂಗ್ ಯೋಳಿದ್ರೆ ನಾನ್ ಕೇಳ್ತಿದ್ದೆ ಕಣವ್ವ.”

ಸೋಮವಾರ ಆಫೀಸಿಗೆ ಹೋದವಳು ಬ್ಯಾಗು ಇಳಿಸುವ ಮೊದಲೇ ಆ ಸಾಲಿನ ಕೊನೆಯ ಮಾತನ್ನು ಅಳಿಸಿದೆ. ಕೆಂಪು ಗೆರೆ ಮತ್ತೆ ಬಂತು. ಸಾಹೇಬರು ನನ್ನ ಹಿಂದೆ ಬಂದು ನಿಂತರು.

“ಮತ್ತೆ ಯಾಕಮ್ಮ ಅದನ್ನ ಎಬ್ಬಿಸ್ದೆ? ಅದರ ಮಾತು ಯಾರು ಕೇಳ್ತಾರೆ?”

“ಹಂಗಳದಲ್ಲಿ ಒಬ್ಬರಿದ್ದಾರೆ ಸಾರ್” ಎಂದೆ.