ತಾಡಪತ್ರಿ ಎಟುಕದ ಎಂಟನೇ ತಗಡು

ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಮುರುಗೆಪ್ಪ ಮೂವತ್ತು ವರ್ಷ ಕಾವಲಿದ್ದ. ಅಷ್ಟೂ ವರ್ಷದಲ್ಲಿ ಹತ್ತಿ ತುಂಬಿದ ಒಂದೇ ಒಂದು ಅಂಡಿಗೆ ನೆನೆದದ್ದಿಲ್ಲ. ಅಂಗೈಯಷ್ಟು ಮೋಡ ಕಂಡರೂ ಊಟದ ತಾಟು ಬಿಟ್ಟು ಅಂಡಿಗೆಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದ. ಮದುವೆಯಲ್ಲಿ ಹನಿ ಬಿದ್ದಾಗ ತನ್ನನ್ನು ಬಿಟ್ಟು ಅಕ್ಕಿ ಚೀಲ ಮುಚ್ಚಲು ಓಡಿದನೆಂದು ಹೆಂಡತಿ ಶಿವಬಸವ್ವ ಇಂದಿಗೂ ಹಂಗಿಸುತ್ತಾಳೆ.

ಗಿರಣಿ ಮುಚ್ಚಿದ ಮೇಲೆ ಲಕಮನಹಳ್ಳಿಯಲ್ಲಿ ಸೋಲಾರ್ ತಗಡು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಸಿಕ್ಕಿತು. ಅದರ ಮಾಳಿಗೆಯ ಮೇಲೆ ಹೊಸ ಬಗೆಯ ಎಂಟು ಸೋಲಾರ್ ತಗಡುಗಳು. ಪೆರೋವ್‌ಸ್ಕೈಟ್ ಅಂತ ಹೆಸರು; ಮುರುಗೆಪ್ಪನ ಬಾಯಲ್ಲಿ ‘ಪಿರಸಕೇಟಿ’. ವಿದ್ಯುತ್ತು ಮಾಡುವುದರಲ್ಲಿ ಚುರುಕು, ಆದರೆ ತೇವ, ಸೆಕೆ ತಾಗಿದರೆ ಹೊಸ ಅಳಿಯನಂತೆ ಮುನಿಸಿಕೊಳ್ಳುವ ಜಾತಿ. ವರ್ಷವಿಡೀ ಬಯಲಲ್ಲಿ ತಾಳಿದರೆ ಕಾರ್ಖಾನೆ ಉಳಿಯುತ್ತದೆ, ಮುರುಗೆಪ್ಪನ ನೌಕರಿಯೂ.

“ಕಾಕಾ, ಭಾಳ ನಾಜೂಕ ಅದಾವು. ಜ್ವಾಪಾನ ಮಾಡ್ರಿ,” ಎಂದಿದ್ದಳು ಇಂಜಿನಿಯರ್ ಉಮಾಶ್ರೀ.

ಮಾಡಿದ. ಲಕಮನಹಳ್ಳಿಯ ಏಪ್ರಿಲ್ ಬಿಸಿಲೆಂದರೆ ಹಾರುವ ಕಾಗೆ ಹಪ್ಪಳವಾಗಿ ಬೀಳಬೇಕು. ಜುಲೈ ಮಳೆಯೆಂದರೆ ಮಾಳಿಗೆಯ ಮೇಲೆ ಮೀನು ಮರಿ ಹಾಕಬೇಕು.

ತಿಂಗಳಿಗೊಮ್ಮೆ ಉಮಾಶ್ರೀ ತಗಡುಗಳನ್ನು ಒಳಗೊಯ್ದು ದೀಪದಡಿ ಅಳೆಯುತ್ತಿದ್ದಳು. ವರ್ಷ ತುಂಬಿದ ದಿನ ಅಳತೆ ನೋಡಿ ಕುಣಿದಳು.

“ಕಾಕಾ, ಒಂದ ಬಿಟ್ಟು ಏಳೂ ನಿನ್ನೆ ಮಾಡಿದಂಗ ಅದಾವ್ರಿ! ಜಗತ್ತಿನ್ಯಾಗ ಎಲ್ಲೂ ಹಿಂಗ ಆಗಿಲ್ಲ!”

“ಆಗದ ಏನ್ ಮಾಡತೈತಿ ಯವ್ವಾ? ಒಂದ ದಿನಾ ಬಿಸಲಿಗಿ ಬಿಟ್ಟಿಲ್ಲ, ಮಳಿಗಿ ತೋರಿಸಿಲ್ಲ. ನೀವು ಅಳತಿ ಮಾಡೂ ದಿನಾ ಅಷ್ಟ ತಾಡಪತ್ರಿ ತಗದು, ಒರಸಿ ಇಡ್ತಿದ್ನಿ.”

ಉಮಾಶ್ರೀ ಹಾಗೇ ನೆಲಕ್ಕೆ ಕುಳಿತಳು. “ಅಯ್ಯೋ ಕಾಕಾ! ಬಿಸಲು, ಮಳಿ ತಿಂದು ಉಳೀತಾವೋ ಇಲ್ಲೋ ಅನ್ನೂದ ಪರೀಕ್ಷಾ ಇತ್ತಲ್ರಿ!”

ಮುರುಗೆಪ್ಪನ ಮೀಸೆ ಇಳಿಯಿತು. ನೌಕರಿ ಹೋದಂತೆಯೇ. ಬಚ್ಚಿಟ್ಟು ಏನು ಫಲವೆಂದು ಉಳಿದ ತಪ್ಪನ್ನೂ ಒಪ್ಪಿಕೊಂಡ: “ಮೂಲ್ಯಾಗಿನ ಎಂಟನೇದ್ದಕ್ಕ ಮಾತ್ರ ಅನ್ಯಾಯ ಆತ್ರಿ. ತಾಡಪತ್ರಿ ಗಿಡ್ಡ ಬಿತ್ತು. ವರ್ಷಾ ಪೂರ್ತಿ ಒಣಗಿ, ತೊಯ್ದು, ಪರದೇಶಿಗತೆ ಬಿದ್ದಿತ್ತು.”

ಉಮಾಶ್ರೀ ಚಂಗನೆ ಎದ್ದಳು. ದಂಡಪಿಂಡವೆಂದು ತಾನೇ ಬದಿಗೆ ಸರಿಸಿದ್ದ ತಗಡು ಅದು. ಅದರ ಕಸುವು ಇನ್ನೂ ನೂರಕ್ಕೆ ತೊಂಬತ್ತೊಂದು!

“ಕಾಕಾ, ಪಾಸಾಗಿದ್ದು ಇದೊಂದ ನೋಡ್ರಿ! ಆದ್ರ ಒಂದರ ಮಾತು ಯಾರೂ ನಂಬೂದಿಲ್ಲ. ಉಳದ ಏಳಕ್ಕ ಇನ್ನೊಂದು ವರ್ಷ ಪರೀಕ್ಷಾ. ಮೊದಲ ಆ ತಾಡಪತ್ರಿ ಇತ್ತಾಗ ಕೊಡ್ರಿ.”

ನೌಕರಿ ಉಳಿಯಿತು. ಈಗ ಮೋಡ ಕಂಡರೆ ಮುರುಗೆಪ್ಪ ತಗಡುಗಳಿಗೆ ಬೆನ್ನು ಮಾಡಿ, ಎರಡೂ ಕೈ ಬಗಲಲ್ಲಿ ಬಿಗಿಹಿಡಿದು ಕೂರುತ್ತಾನೆ. ಬೆನ್ನ ಹಿಂದೆ ಏಳು ತಗಡು ಅಳುತ್ತವಂತೆ, ಎಂಟನೆಯದು ನಗುತ್ತದಂತೆ.