ಬಾಗಿಲು ಹಾಕುವ ಮುನ್ನ ಬಂದವರು

2018ರ ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ 9.42ಕ್ಕೆ, ಹೊಸನಗರ ತಾಲ್ಲೂಕಿನ ಒಂದು ಹಳ್ಳ ದಾಟುವ ಮರದ ಸಂಕದ ಮಧ್ಯದಲ್ಲಿ ಒಂಬತ್ತನೇ ತರಗತಿಯ ನಾಗವೇಣಿ ನಿಂತುಬಿಟ್ಟಳು. ಈಚೆ ದಡದಲ್ಲಿ ನಾನಿದ್ದೆ. ನಾನು ಅವಳ ಕ್ಲಾಸ್ ಟೀಚರ್.

ಅಲ್ಲಿನ ಪ್ರೌಢಶಾಲೆಗೆ ನಾನು ವರ್ಗವಾಗಿ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು. ಮೊದಲ ವರ್ಷವಿಡೀ ಮಕ್ಕಳನ್ನು ಸಲಿಗೆಯಿಂದ ನೋಡಿಕೊಂಡೆ. ಫಲವಾಗಿ ಮೊದಲ ಪೀರಿಯಡ್ ಎಂಬುದೇ ಇಲ್ಲವಾಯಿತು. ಹತ್ತೂಕಾಲಿನವರೆಗೆ ಒಬ್ಬೊಬ್ಬರೇ ಬರುತ್ತಿದ್ದರು. ಹಾಗಾಗಿ ಹೊಸ ಶೈಕ್ಷಣಿಕ ವರ್ಷಕ್ಕೆ ಒಂದು ನಿಯಮ ಮಾಡಿದೆ. 9.45ಕ್ಕೆ ಬೆಲ್ ಆದ ತಕ್ಷಣ ಬಾಗಿಲು ಹಾಕುವುದು, ತಡವಾದವರು ಪೀರಿಯಡ್ ಮುಗಿಯುವವರೆಗೆ ಜಗಲಿಯಲ್ಲಿ ನಿಲ್ಲುವುದು. ಬೈಗುಳವಿಲ್ಲ, ಕೋಲಿಲ್ಲ. ಬಿಗಿ ಅತಿಯಾಗದಿರಲೆಂದು ಇನ್ನೊಂದನ್ನೂ ಸೇರಿಸಿದೆ. ಒಮ್ಮೆಯೂ ತಡಮಾಡದವರ ಹೆಸರು ಬೋರ್ಡಿನ ಬಲಮೂಲೆಯಲ್ಲಿ ಇರುತ್ತಿತ್ತು. ಶನಿವಾರ ಅವರಿಗೆ ನನ್ನ ಪೆಟ್ಟಿಗೆಯಿಂದ ಒಂದು ಕಥೆ ಪುಸ್ತಕ ಓದಲು ಸಿಗುತ್ತಿತ್ತು. ಒಂದು ದಿನ ತಡವಾದರೂ ಹೆಸರು ಅಳಿಸುತ್ತಿದ್ದೆ. ಜುಲೈ ಹೊತ್ತಿಗೆ ಹದಿನಾಲ್ಕು ಹೆಸರು ಉಳಿದಿದ್ದವು. ನಾಗವೇಣಿಯದು ಮೊದಲನೆಯದು.

ಅವಳೂ ಅದೇ ತರಗತಿಯ ಇನ್ನಿಬ್ಬರೂ ಹಳ್ಳದಾಚೆಯ ಕೇರಿಯವರು. ಮಳೆಗಾಲದಲ್ಲಿ ಸಂಕ ದಾಟುವಂತಿಲ್ಲ, ರಸ್ತೆ ಸುತ್ತು ಬಳಸಿ ಬರುವುದರಿಂದ ಬಸ್ಸೇ ಗತಿ. ನಾನು ಶಾಲೆಯ ಪಕ್ಕದಲ್ಲೇ ಬಾಡಿಗೆಗಿದ್ದವನು, ಬಸ್ಸಿನ ಸುದ್ದಿ ನನಗೆ ಬೇಕಿರಲಿಲ್ಲ. ಮೂವರೂ ಸಮಯಕ್ಕೆ ಬರುತ್ತಿದ್ದರು. ಬಸ್ಸೂ ಸಮಯಕ್ಕೆ ಬರುತ್ತಿದೆ ಎಂದುಕೊಂಡಿದ್ದೆ.

ಆ ಮಂಗಳವಾರದ ಹಿಂದಿನ ದಿನ ಬೆಳಿಗ್ಗೆ ಸಾಗರದಿಂದ ಹಿಂತಿರುಗುವಾಗ ಅದೇ ಬಸ್ಸು ಹತ್ತಿದೆ. ದಾರಿಯಲ್ಲಿ ಗುಡ್ಡ ಜರಿದಿತ್ತು. ಬಸ್ಸು ಬೇರೆ ದಾರಿ ಹಿಡಿದು ಹತ್ತು ಗಂಟೆಯ ಮೇಲೆ ಶಾಲೆ ತಲುಪುವುದಿತ್ತು.

"ಇವತ್ತು ನಿಮ್ಮನ್ನೂ ಜಗಲಿ ಮೇಲೆ ನಿಲ್ಲಿಸ್ತಾರಾ ಮೇಷ್ಟ್ರೇ?" ಎಂದು ಕಂಡಕ್ಟರ್ ನಕ್ಕ. ನಾನೂ ನಕ್ಕೆ.

"ದಿನಾ ಇಷ್ಟೊತ್ತಾಗುತ್ತಾ?"

"ಎಂಟು ದಿನ ಆತಲ್ಲ ಮಾರಾಯ್ರೆ."

"ಮತ್ತೆ ಆ ಕೇರಿ ಮಕ್ಕಳು?"

"ಅವ್ರು ನನ್ ಬಸ್ ಹತ್ತೇ ಇಲ್ಲ. ನಿಮಗೆ ರಜೆ ಚೀಟಿ ಕೊಟ್ಟಿರ್ಬೇಕು ಅಂದ್ಕಂಡೆ."

ನಾನು ತರಗತಿಗೆ ಹೋದಾಗ 10.10. ಮೂವರೂ ತಮ್ಮ ಜಾಗದಲ್ಲಿ ಕೂತಿದ್ದರು. ನಾಗವೇಣಿಯ ಲಂಗ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಹ್ಯಾಗೆ ಬಂದ್ರಿ?"

"ಬಸ್ಸಲ್ಲಿ ಸರ್." ಮೂವರೂ ಒಟ್ಟಿಗೆ ಹೇಳಿದರು.

ಉಳಿದವರೆಲ್ಲ ತಲೆ ತಗ್ಗಿಸಿ ಪುಸ್ತಕ ತೆರೆದರು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು. ನಲವತ್ತು ಮಕ್ಕಳ ಎದುರು ಅವರನ್ನು ಸುಳ್ಳುಗಾರರನ್ನಾಗಿ ಮಾಡಬಾರದೆಂದು ಅಲ್ಲಿಗೇ ಬಿಟ್ಟೆ. ಸಂಜೆ ಕರೆದು ಕೇಳೋಣವೆಂದರೆ ಮಳೆ ಜೋರಾಯಿತೆಂದು ಮುಖ್ಯೋಪಾಧ್ಯಾಯರು ಬೇಗ ಶಾಲೆ ಬಿಟ್ಟರು. ಮೂವರೂ ಹೊರಟುಹೋಗಿದ್ದರು.

ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ರಜೆ ಘೋಷಣೆಯಾಗಿರಲಿಲ್ಲ. ಆ ಒದ್ದೆ ಲಂಗ ನೆನಪಾಗಿ ಒಂಬತ್ತಕ್ಕೆ ಹಳ್ಳದ ಹತ್ತಿರ ಹೋದೆ. ಸಂಕವೆಂದರೆ ಎರಡು ಮರದ ದಿಂಡು, ಹಿಡಿದುಕೊಳ್ಳಲು ಒಂದು ಬದಿಗೆ ತಂತಿ. ಕೆಂಪು ನೀರು ದಿಂಡಿಗೆ ಒಂದು ಗೇಣು ಕೆಳಗೆ ಹರಿಯುತ್ತಿತ್ತು. ಬಹಳ ಹೊತ್ತು ಯಾರೂ ಕಾಣಲಿಲ್ಲ. ಇವತ್ತು ಬರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಆಚೆ ದಡದ ಪೊದೆಯಿಂದ ಮೂವರೂ ಓಡಿಬಂದರು. ನಾಗವೇಣಿ ಮುಂದೆ. ನಾನು ಕೈ ಎತ್ತುವ ಮೊದಲೇ ಸಂಕದ ಮೇಲಿದ್ದಳು.

ನಡುವೆ ತಲೆ ಎತ್ತಿ ನನ್ನನ್ನು ಕಂಡಳು. ನಿಂತಳು.

"ಸರ್, ಲೇಟಾಯ್ತಾ?"

ಕೂಗಿದರೆ ಬೆದರುತ್ತಾಳೆ. ಪಾಠ ಮಾಡುವ ದನಿಯಲ್ಲೇ ಹೇಳಿದೆ. "ನಾನೇ ಇಲ್ಲಿದ್ದೀನಲ್ಲ ಮಾರಾಯ್ತಿ, ಬಾಗಿಲು ಹಾಕೋರು ಯಾರು?"

ಅವಳು ನಗಲಿಲ್ಲ. ಒಂದು ಕೈ ತಂತಿಯ ಮೇಲಿತ್ತು, ಇನ್ನೊಂದು ಎದೆಗವಚಿದ ಬ್ಯಾಗಿನ ಮೇಲೆ. ದಿಂಡು ಅಲುಗುತ್ತಿತ್ತು.

"ಬ್ಯಾಗ್ ಬಿಡು. ಎರಡೂ ಕೈಯಲ್ಲಿ ತಂತಿ ಹಿಡ್ಕೋ."

"ಹೋಂವರ್ಕ್ ಇದೆ ಸರ್ ಅದ್ರಲ್ಲಿ."

"ಬಿಡು ಅಂದೆ."

ಬ್ಯಾಗು ನೀರಿಗೆ ಬಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡುತ್ತಿದ್ದಳು. ಆಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ ಬಂದಳು. ಕೈಗೆ ಸಿಕ್ಕಾಗ ರಟ್ಟೆ ಹಿಡಿದು ಎಳೆದುಕೊಂಡೆ. ಉಳಿದಿಬ್ಬರನ್ನು ಆಚೆ ದಡದಿಂದಲೇ ಮನೆಗೆ ಕಳಿಸಿದೆ.

"ಜಗಲಿ ಮೇಲೆ ನಿಲ್ಲೋದಕ್ಕೆ ಅಷ್ಟು ಹೆದರಿಕೆನಾ?" ಎಂದು ಕೇಳಿದೆ.

"ಅದಕ್ಕೆಂತ ಹೆದರಿಕೆ ಸರ್? ನೀವು ನನ್ ಹೆಸ್ರು ಅಳಿಸ್ತಿದ್ರಿ."

ಶಿಸ್ತಿಗೆ ಬಾಗಿಲು, ಪ್ರೀತಿಗೆ ಬೋರ್ಡಿನ ಮೂಲೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವಳನ್ನು ಸಂಕ ಹತ್ತಿಸಿದ್ದು ಬಾಗಿಲಲ್ಲ.

ಅಂದೇ ಹೆಸರುಗಳನ್ನೆಲ್ಲ ಅಳಿಸಿದೆ. ತಡವಾದವರು ಒಳಗೆ ಬಂದು ಕೂರುವುದು, ಕಾರಣವನ್ನು ಆಮೇಲೆ ನನಗೊಬ್ಬನಿಗೆ ಹೇಳುವುದು ಎಂದಾಯಿತು. ಸಂಕ ದಾಟಿ ಬಂದವರಿಗೆ ಮಾತ್ರ ರಿಯಾಯಿತಿ ಇರಲಿಲ್ಲ. ಅಂಥವರನ್ನು ನಾನೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಮನೆಯವರ ಕೈಗೆ ಒಪ್ಪಿಸುತ್ತಿದ್ದೆ. ಎರಡು ಸಲ ಹಾಗೆ ಮಾಡಬೇಕಾಯಿತು. ಮುಂದಿನ ವಾರ ಗುರುವಾರ ಸಂಕ ಕೊಚ್ಚಿಹೋಯಿತು. ಕಾಲುಸೇತುವೆಗಾಗಿ ಪಂಚಾಯಿತಿಗೆ ಅರ್ಜಿ ಕೊಟ್ಟೆವು. ನಾಗವೇಣಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ನಾನು ನಿವೃತ್ತನಾದೆ.

ಈ ವರ್ಷ ಶಾಲೆ ಶುರುವಾದ ಮೇಲೆ ಅಲ್ಲಿನ ಶಿಕ್ಷಕಿಯೊಬ್ಬರಿಗೆ ಫೋನ್ ಮಾಡಿದ್ದೆ. ಕಾಲುಸೇತುವೆಯ ಕಂಬಗಳಷ್ಟೇ ಎದ್ದಿವೆ. ಅವುಗಳ ಮೇಲೆ ಊರಿನವರು ದಿಂಡು ಹಾಸಿಕೊಂಡಿದ್ದಾರೆ. ಹಳ್ಳದಾಚೆಯಿಂದ ಈ ಸಾಲಿನಲ್ಲಿ ಐದು ಮಕ್ಕಳಿದ್ದಾರೆ. ಐವರೂ ಒಂದು ದಿನವೂ ತಡವಾಗಿ ಬಂದಿಲ್ಲ.